ಮಾರ್ಫೀನ್ ಬೀರುವಿನ ಬೀಗಕ್ಕೊಂದು ಬಹಿರಂಗ ಪತ್ರ

ರಾಜಮಾನ್ಯ ಬೀಗರಾಯರ ಸನ್ನಿಧಾನಕ್ಕೆ,

ಹಲಸೂರಿನಿಂದ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ನಮ್ಮ ಕಡೆ ಕುಶಲ ಅಷ್ಟಕ್ಕಷ್ಟೆ; ತಾವು ಮಾತ್ರ ಗಟ್ಟಿಮುಟ್ಟಾಗಿರುವುದನ್ನು ಕಣ್ಣಾರೆ ಕಂಡು ಬಂದಿದ್ದೇನೆ. ಬೆಂಗಳೂರಿನ ಈ ಪೂರ್ವ ದಿಕ್ಕಿನ ಒಂದು ಆಸ್ಪತ್ರೆಯಲ್ಲಿ, ಸಿಸ್ಟರ್‌ಗಳ ಮೇಜಿನ ಹಿಂದೆ, ಕಬ್ಬಿಣದ ಬೀರುವಿಗೆ ಜೋಡಿಯಾಗಿ ನೇತುಬಿದ್ದಿದ್ದಿರಿ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ತಮ್ಮ ನೆಂಟರಿಷ್ಟರು ಎಲ್ಲ ಕಡೆಯೂ ಇರುವಾಗ ಒಬ್ಬರನ್ನೇ ಹೊಗಳಿದರೆ ಉಳಿದವರು ಬೇಜಾರು ಮಾಡಿಕೊಂಡಾರು.

ನಮ್ಮಕ್ಕನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ರಾತ್ರಿ ಮಗ್ಗುಲು ಬದಲಿಸಬೇಕಾದಾಗ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು, ಪಕ್ಕದ ಬೆಡ್ಡಿನವರ ನಿದ್ದೆ ಕೆಡಬಾರದು ಅಂತ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಕೇಳಿದರು: "ಹತ್ತರಲ್ಲಿ ಎಷ್ಟಿದೆಯಮ್ಮ ನೋವು?"

"ಎಂಟು ಸಾರ್."

"ಎಂಟಿದ್ರೆ ಹಿಂಗೆ ಕೂತ್ಕೊಂಡು ಮಾತಾಡೋಕಾಗ್ತಿತ್ತಾ? ಐದು ಬರ್ಕೊಳ್ಳಿ ಸಿಸ್ಟರ್."

ನೋಡಿ, ಒಂದು ಗುಳಿಗೆಯ ಖರ್ಚೂ ಇಲ್ಲದೆ ಮೂರು ಅಂಕದಷ್ಟು ನೋವು ಅಲ್ಲೇ ವಾಸಿಯಾಯಿತು! ಉಳಿದ ಐದಕ್ಕೆ ಪ್ಯಾರಾಸಿಟಮಾಲ್. ಮರುದಿನ ಅಕ್ಕ ಹುಷಾರಾಗಿ "ಹನ್ನೊಂದು" ಅಂದಳು. "ಪೇಷಂಟು ಸ್ವಲ್ಪ ಜಾಸ್ತಿನೇ ಹೇಳ್ತಾರೆ" ಎಂದು ಷರಾ ಬಿತ್ತು. ಕೂಗಿದರೆ ನಾಟಕ, ಕೂಗದಿದ್ದರೆ ನೋವೇ ಇಲ್ಲ. ಇವೆರಡರ ನಡುವೆ ಯಾವ ಶ್ರುತಿಯಲ್ಲಿ ನರಳಿದರೆ ತಾವು ತೆರೆದುಕೊಳ್ಳುತ್ತೀರಿ ಎಂದು ದಯವಿಟ್ಟು ತಿಳಿಸಿ; ಅಭ್ಯಾಸ ಮಾಡಿಕೊಂಡೇ ಅಡ್ಮಿಟ್ ಆಗುತ್ತೇವೆ.

"ಮಾರ್ಫೀನ್ ಕೊಡಬಹುದಾ ಸಾರ್?" ಅಂತ ನಾನು ಕೇಳಿದ್ದೇ ತಡ, ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಚಟ ಹತ್ತುತ್ತೆ ಕಣ್ರೀ." ಇನ್ನು ಉಳಿದಿರುವುದು ಕೆಲವೇ ತಿಂಗಳು ಎಂದು ಹಿಂದಿನ ದಿನ ಕರೆದು ಹೇಳಿದವರೂ ಅವರೇ. ಅಷ್ಟರೊಳಗೆ ಅಕ್ಕ ಕೆಟ್ಟುಹೋಗಬಾರದು ಎಂಬ ಕಾಳಜಿ ನೋಡಿ ಕಣ್ಣು ತುಂಬಿ ಬಂತು. ಚಟದ ಬಗ್ಗೆ ಈ ಊರಿಗೆ ಬಲು ಆತಂಕ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ರಾತ್ರಿ 1 ಗಂಟೆಯವರೆಗೆ ಬಾಟಲಿಗೆ ಬೀಗವಿಲ್ಲ. ಅದೇ 1 ಗಂಟೆಗೆ ಎದ್ದು ಕೂತ ಅಕ್ಕನ ಮಾತ್ರೆಗೆ ಎರಡೆರಡು ಬೀಗ.

ತಮ್ಮ ಕಾವಲಿಗೆ ನಮ್ಮ ಮನೆಯವರೂ ಇದ್ದಾರೆ. ಕೆ.ಆರ್. ಪುರದಿಂದ ಬಂದ ಚಿಕ್ಕಮ್ಮ ಮೂಸಂಬಿ ಸುಲಿಯುತ್ತಲೇ ತೀರ್ಪು ಕೊಟ್ಟರು: "ಅದನ್ನ ಕೊಟ್ರು ಅಂದ್ರೆ ಮುಗೀತು ಅಂತ ಅರ್ಥ ಕಣಪ್ಪ. ಸ್ವಲ್ಪ ತಡ್ಕೊಳ್ಳಲಿ, ದೇವರಿದ್ದಾನೆ." ದೇವರಿಗೆ ಡ್ಯೂಟಿ ಯಾವ ಶಿಫ್ಟಿನಲ್ಲಿ ಎಂದು ಮಾತ್ರ ಹೇಳಲಿಲ್ಲ.

ತಮ್ಮ ವಂಶದ ಹಿರಿಮೆ ನನಗೆ ಗೊತ್ತಿಲ್ಲದ್ದಲ್ಲ. 1985ರಲ್ಲಿ ಬಂದ ಮಾದಕವಸ್ತು ಕಾಯ್ದೆ ಬೀಸಿದ ಬಲೆ ಕಳ್ಳಸಾಗಣೆಯವರಿಗೆ. ಬಿದ್ದು ಒದ್ದಾಡಿದವರು ಕ್ಯಾನ್ಸರ್ ರೋಗಿಗಳು. ಹತ್ತು ಮಾತ್ರೆ ತರಿಸಬೇಕಾದರೂ ಆಸ್ಪತ್ರೆಯವರ ಬಳಿ ಹಲವು ಲೈಸೆನ್ಸುಗಳು ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. 1997ರ ಹೊತ್ತಿಗೆ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗುವ ಮಾರ್ಫೀನ್ ಶೇ 90ಕ್ಕೂ ಹೆಚ್ಚು ಕುಸಿದಿತ್ತು. ಅತ್ತ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಮಾರ್ಫೀನಿನ ಮೂಲವಾದ ಅಫೀಮು ಬೆಳೆಸುತ್ತದೆ, ನೀಮಚ್ ಮತ್ತು ಘಾಜಿಪುರದ ಕಾರ್ಖಾನೆಗಳಲ್ಲಿ ಸಂಸ್ಕರಿಸುತ್ತದೆ, ಹೊರದೇಶಗಳಿಗೂ ಮಾರುತ್ತದೆ. ಇತ್ತ ನಮಗೆ? 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಂತೆ ಅಗತ್ಯದ ಶೇ 4ರಷ್ಟು. ಅಮೆರಿಕದಲ್ಲಿ ಅಗತ್ಯದ ಮೂವತ್ತು ಪಟ್ಟು. ಅವರು ಅತಿಯಾಗಿ ನುಂಗಿ ಅನಾಹುತ ಮಾಡಿಕೊಂಡದ್ದು ನಿಜ. ಅಲ್ಲಿಯವರ ಅಜೀರ್ಣಕ್ಕೆ ಇಲ್ಲಿ ಅಕ್ಕ ಉಪವಾಸ ಮಾಡಬೇಕಾಯಿತು, ಅಷ್ಟೆ.

2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಅದರಂತೆ ಮಾರ್ಫೀನ್, ಫೆಂಟನಿಲ್ ಸೇರಿ ಆರು ಔಷಧಗಳು 'ಅಗತ್ಯ' ಎನಿಸಿಕೊಂಡವು. ಲೈಸೆನ್ಸುಗಳ ಸಂತೆ ಮುಗಿದು, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯೊಂದಿದ್ದರೆ ಸಾಕು ಎಂದಾಯಿತು. ತಮ್ಮ ಕಾಲ ಮುಗಿಯಿತು ಅಂದುಕೊಂಡೆವು. ತಾವೋ, ಬೀರುವಿನಿಂದ ಇಳಿದು ನೇರ ತಲೆಯೊಳಗೇ ವರ್ಗ ಮಾಡಿಸಿಕೊಂಡಿರಿ. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ, ಚೇತರಿಕೆಯ ಆಸೆಯೇ ಇಲ್ಲದ ರೋಗಿಗಳಿಗೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಸಾಯುವವರೆಗಿನ ರಾತ್ರಿಗಳಿಗೂ ಒಂದು ಸುತ್ತೋಲೆ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು.

ತಮ್ಮ ಮಾನ ಕಳೆಯುವವರೂ ಇದೇ ದಿಕ್ಕಿನಲ್ಲಿದ್ದಾರೆ, ಎಚ್ಚರ. ಇಂದಿರಾನಗರದ ರೋಟರಿಯವರೂ ಭಾರತೀಯ ಕ್ಯಾನ್ಸರ್ ಸೊಸೈಟಿಯವರೂ ಸೇರಿ 1994ರಲ್ಲಿ ಟ್ರಸ್ಟ್ ಕಟ್ಟಿ, ಮಾರತ್ತಹಳ್ಳಿಯ ಕಡೆ 'ಕರುಣಾಶ್ರಯ' ನಡೆಸುತ್ತಿದ್ದಾರೆ. ವಾಸಿಯಾಗದ ಕ್ಯಾನ್ಸರಿನವರ ನೋವು ಇಳಿಸುವುದೇ ಕೆಲಸ, ಬಿಲ್ಲೂ ಇಲ್ಲ. ನಾರ್ಕೋಟಿಕ್ ಮಾತ್ರೆಗೆ ಅಲ್ಲಿಯೂ ಕಾನೂನಿನ ಪ್ರಕಾರ ಲೆಕ್ಕ ಇಡಲೇಬೇಕು. ಬೀಗವೇ ಬೇಡ ಎಂದು ಯಾರೂ ಹೇಳುತ್ತಿಲ್ಲ ರಾಯರೇ. ಬೀಗದ ಕೈ ತಿರುಗಲಿ ಅಂತಿದ್ದೇವೆ.

ಅಲೆದಾಡಿದ ಮೇಲೆ ಅಕ್ಕನಿಗೂ ಬೇರೊಂದು ಕಡೆ ಮಾರ್ಫೀನ್ ಬರೆದುಕೊಟ್ಟರು. ನಾಲ್ಕು ಗಂಟೆಗೊಂದು ಮಾತ್ರೆ. ಹೊಟ್ಟೆ ಕಟ್ಟದಂತೆ ಜೊತೆಗೊಂದು ಔಷಧ. ಅಕ್ಕ ಸಾಯಲಿಲ್ಲ, ಮಲಗಿದಳು. ಎದ್ದವಳು ಕಾಫಿಗೆ ಡಿಕಾಕ್ಷನ್ ಸಾಲದು ಎಂದು ಜಗಳ ತೆಗೆದಳು. 'ಮುಗೀತು' ಎಂದಿದ್ದ ಚಿಕ್ಕಮ್ಮನ ಜೊತೆ ಸೀರಿಯಲ್ಲಿನ ಸೊಸೆಯ ಪರ ವಾದಕ್ಕೆ ಕೂತಳು.

ತಮ್ಮಲ್ಲಿ ಬೇಡುವುದಕ್ಕೆ ಏನೂ ಉಳಿದಿಲ್ಲ. ಇನ್ನು ಮೇಲೆ ಬೆಡ್ಡಿನ ಪಕ್ಕ ನಿಲ್ಲುವವರು ಕೇಳುವ ಪ್ರಶ್ನೆಗಳನ್ನು ಮಾತ್ರ ಮುಂಚಿತವಾಗಿ ತಿಳಿಸಿರುತ್ತೇನೆ:

1. ರೋಗಿ ಹೇಳಿದ ಅಂಕವನ್ನೇ ಕೇಸ್ ಶೀಟಿನಲ್ಲಿ ಬರೆದಿರಾ, ಇಲ್ಲ ನಿಮ್ಮ ಅಂಕವನ್ನೋ?

2. ಔಷಧ ಕೊಟ್ಟ ಮೇಲೆ ನೋವು ಇಳಿಯಿತೇ ಎಂದು ಮತ್ತೆ ಯಾವಾಗ ಬಂದು ಕೇಳುತ್ತೀರಿ?

3. ಮಾರ್ಫೀನ್ ಇಡಲು ನಿಮ್ಮಲ್ಲಿ ಮಾನ್ಯತೆ ಇದೆಯೇ? ಇಲ್ಲದಿದ್ದರೆ, ಇರುವ ಕಡೆಗೆ ಇವತ್ತೇ ಚೀಟಿ ಬರೆದುಕೊಡುತ್ತೀರಾ?

ಇಂತಿ ತಮ್ಮ ವಿಧೇಯ,
ಹಲಸೂರಿನ ಒಬ್ಬ ಅಟೆಂಡರ್ (ರೋಗಿಯ ತಮ್ಮ)

ಪ್ರತಿಗಳು: ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ, ಚಿಕ್ಕಮ್ಮನಿಗೆ, ಪಕ್ಕದ ಬೆಡ್ಡಿನವರಿಗೆ, ಓದಿ ಮುಂದಿನ ಬೆಡ್ಡಿಗೆ ದಾಟಿಸುವ ಸಲುವಾಗಿ.