ಕಂಪನಿ ತಾತನ ಫೋರ್ಕು

ಮೈಸೂರಿಗೆ 1947ರಲ್ಲಿ ಮೊದಲ ಮುಖ್ಯಮಂತ್ರಿಯನ್ನು ಕೊಟ್ಟ ಊರು ಕ್ಯಾಸಂಬಳ್ಳಿ. ಕೆ.ಸಿ. ರೆಡ್ಡಿಯವರ ಹೆಸರಿನ ಮೊದಲಕ್ಷರದಲ್ಲೇ ಊರು ಕೂತಿದೆ. ಆದರೂ ಬಸ್ಸಿಳಿದು "ಈ ಊರಿನ ದೊಡ್ಡ ಮನುಷ್ಯರು ಯಾರಪ್ಪಾ?" ಎಂದು ಕೇಳಿ ನೋಡಿ, ಹುಡುಗರು ಕೈ ತೋರಿಸುವುದು ಕಂಪನಿ ತಾತನ ಮನೆಯ ಕಡೆಗೆ. ಕೆಜಿಎಫ್ ಸುತ್ತಿನ ಹಳ್ಳಿಗಳಲ್ಲಿ ಇಂಥ ತಾತಂದಿರು ಅಲ್ಲಲ್ಲಿ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ: ಪಂಚೆಯ ಮೇಲೆ ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಕರ್ಚೀಫು ಸುತ್ತಿದ ಫೋರ್ಕು ಮತ್ತು ನೈಫು.

ಗಣಿ ಮುಚ್ಚಿದ್ದು 2001ರಲ್ಲಿ. ತಾತನ ಮಟ್ಟಿಗೆ ಶಿಫ್ಟು ಇನ್ನೂ ಮುಗಿದಿಲ್ಲ. "ನಮ್ಮ ಟೇಲರ್ ಕಂಪನಿ ದೊರೆಗಳು ಹಿಂಗೇ ಊಟ ಮಾಡ್ತಿದ್ದದ್ದು" ಎಂದು ಎಡಗೈಯಲ್ಲಿ ಫೋರ್ಕು ಹಿಡಿದು, ಹಲ್ಲು ಕೆಳಗೆ ಮಾಡಿ ತೋರಿಸುತ್ತಾರೆ. ಲೆಕ್ಕ ಹಾಕಲು ಕೂತರೆ ಮಾತ್ರ ತೊಡಕು. ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದದ್ದು 1880ರ ಸುಮಾರಿಗೆ. 1956ಕ್ಕೆ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ತಾತ ಗುಮಾಸ್ತರಾಗಿ ಸೇರಿದ್ದು ಅದಾದ ಎಷ್ಟೋ ವರ್ಷಕ್ಕೆ. ವಿದ್ಯೆ ಅವರಿಗೆ ಬಂದದ್ದು ದೊರೆಗಳಿಂದಲ್ಲ, ದೊಡ್ಡಪ್ಪನಿಂದ. ದೊಡ್ಡಪ್ಪ ಊರಿಗಾಂ ಕಡೆಯ ಒಂದು ಬಂಗಲೆಯಲ್ಲಿ ಬಟ್ಲರು.

ಇದನ್ನು ಹೇಳಿ ತಾತನನ್ನು ಸಣ್ಣವರನ್ನಾಗಿ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಟ್ಟೆಯ ಮೇಲೆ ಫೋರ್ಕು ನೈಫು ಬೇರೆ ಬೇರೆಯಾಗಿ ಓರೆ ಬಿದ್ದಿದ್ದರೆ ಇನ್ನೂ ಉಣ್ಣುತ್ತಿದ್ದೇನೆ, ಜೋಡಿಯಾಗಿ ಮಲಗಿಸಿದರೆ ಆಯಿತು, ತಟ್ಟೆ ಎತ್ತು. ಈ ಸನ್ನೆ ಇರುವುದೇ ಹಿಂದೆ ನಿಂತವನಿಗಾಗಿ. ಅಂದಮೇಲೆ ಅದನ್ನು ಬಟ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು? ದೊರೆ ತಪ್ಪಿದರೂ ನಡೆಯುತ್ತಿತ್ತು. ದೊಡ್ಡಪ್ಪ ತಪ್ಪಿದ್ದರೆ ಕೆಲಸ ಹೋಗುತ್ತಿತ್ತು.

ಕಷ್ಟವೇನೆಂದರೆ, ಕ್ಯಾಸಂಬಳ್ಳಿಯಲ್ಲಿ ಆ ಸನ್ನೆ ಓದುವವರಿಲ್ಲ. ತಾತ ಫೋರ್ಕು ನೈಫು ಜೋಡಿಸಿಟ್ಟು ಗಂಭೀರವಾಗಿ ಕೂರುತ್ತಾರೆ. ಸೊಸೆ ಬಂದು, "ಯಾಕ್ ಮಾವ, ಸುಮ್ನೆ ಕೂತ್ರಿ? ಸಾರು ಸಾಲದಾ?" ಎಂದು ಒಂದು ಸೌಟು ಬಸ್ಸಾರು ಹುಯ್ಯುತ್ತಾಳೆ. ನಮ್ಮಲ್ಲಿ ಸಾಕು ಎನ್ನಬೇಕಾದರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯಬೇಕು, ಮೈಯೆಲ್ಲ ಮುಂದಕ್ಕೆ ಬಾಗಿಸಬೇಕು, ಆಗಲೂ ಬೆರಳ ಸಂದಿಯಲ್ಲಿ ಒಂದಿಷ್ಟು ಬೀಳಿಸಿಯೇ ಹೋಗುತ್ತಾರೆ. ಎರಡನೆಯ ಸೌಟು ಮೇಲೇಳುವಾಗ ತಾತನ ಇಂಗ್ಲೆಂಡು ಕುಸಿಯುತ್ತದೆ. "ಚಾಲಮ್ಮಾ, ಚಾಲು!" ಎಂದು ಮನೆಮಾತು ತೆಲುಗಿನಲ್ಲಿ ಕೂಗುತ್ತಾರೆ. ಅದು ಮಾತ್ರ ಅವಳಿಗೆ ಅರ್ಥವಾಗುತ್ತದೆ.

ಮುದ್ದೆಯದು ಬೇರೆ ಕಥೆ. ಮುದ್ದೆ ಮುರಿಯುವುದಕ್ಕೆ ಒದ್ದೆ ಬೆರಳು ಬೇಕು. ಮುರಿದು, ಉರುಳಿಸಿ, ಸಾರಿಗೆ ಅದ್ದಿ, ಅಗಿಯದೆ ನುಂಗಬೇಕು. ನೈಫು ಇಳಿಸಿದರೆ ಮೇಲೆ ಬರುವಾಗ ಅರ್ಧ ಮುದ್ದೆ ಅದರ ಜೊತೆಗೇ ಏಳುತ್ತದೆ. ಫೋರ್ಕಿನ ಹಲ್ಲು ಸಂದಿಗೆ ಹೊಕ್ಕ ರಾಗಿ ಒಣಗಿದರೆ ಸಿಮೆಂಟು. ಸಂಜೆ ಸೊಸೆ ಬಚ್ಚಲಲ್ಲಿ ಕೂತು ತೆಂಗಿನ ಕಡ್ಡಿಯಿಂದ ಒಂದೊಂದೇ ಸಂದಿ ಕೆರೆಯುತ್ತಾ ಟೇಲರ್ ಕಂಪನಿಗೆ ಹಾಕುವ ಶಾಪ ಪಕ್ಕದ ಮನೆಗೂ ಕೇಳುತ್ತದೆ.

ಅಮೆರಿಕದಿಂದ ಮೊಮ್ಮಗ ಬಂದಾಗ ಹಬ್ಬ. ಕೊನೆಗೂ ಸರೀಕರು ಸಿಕ್ಕರೆಂದು ತಾತ ರಾಬರ್ಟ್‌ಸನ್‌ಪೇಟೆಯಿಂದ ಕಟ್ಲೆಟ್ ತರಿಸಿದರು. ಹುಡುಗ ಬಲಗೈಯಲ್ಲಿ ನೈಫು ಹಿಡಿದು ಕೊಯ್ದ, ನೈಫು ಕೆಳಗಿಟ್ಟ, ಫೋರ್ಕನ್ನು ಎಡಗೈಯಿಂದ ಬಲಗೈಗೆ ದಾಟಿಸಿದ, ತಿಂದ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

"ಏನೋ ಇದು, ಶಂಟಿಂಗು?"

"ಅಲ್ಲಿ ಎಲ್ಲರೂ ಹೀಗೇ ತಾತಾ. ಥಾಯ್ಲೆಂಡಿನಲ್ಲಿ ಫೋರ್ಕು ಬಾಯಿಗೇ ಇಡಲ್ಲ ಗೊತ್ತಾ? ಅದರಲ್ಲಿ ಅನ್ನ ತಳ್ಳಿ ಸ್ಪೂನಿಗೆ ತುಂಬಿಕೊಂಡು ತಿಂತಾರೆ."

ತಾತನ ಮುಖ ಇಳಿದುಹೋಯಿತು. ಇಂಗ್ಲಿಷರಿಗೇ ಫೋರ್ಕು ಒಂದು ಕಾಲಕ್ಕೆ ತಮಾಷೆಯ ವಸ್ತುವಾಗಿತ್ತು ಎಂಬುದನ್ನು ಯಾರೂ ಅವರಿಗೆ ಹೇಳಿದಂತಿಲ್ಲ. ಥಾಮಸ್ ಕೋರಿಯಟ್ ಎಂಬ ಪ್ರವಾಸಿ ಇಟಲಿಯಲ್ಲಿ ಈ ಚಾಳಿ ಹತ್ತಿಸಿಕೊಂಡು, 1611ರಲ್ಲಿ ಪುಸ್ತಕದಲ್ಲಿ ಬರೆದೂ ಇಟ್ಟ; ಗೆಳೆಯರು ಆಡಿಕೊಂಡು ನಕ್ಕರು. ಅದೇ ಕೋರಿಯಟ್ ಕಾಲ್ನಡಿಗೆಯಲ್ಲಿ ಹಿಂದೂಸ್ಥಾನಕ್ಕೆ ಬಂದು 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಇನ್ನಷ್ಟು ದಕ್ಷಿಣಕ್ಕೆ ನಡೆದಿದ್ದರೆ ನಮ್ಮವರು ಅವನ ಮುಂದೆ ಮುದ್ದೆ ಇಟ್ಟು ಬುದ್ಧಿ ಕಲಿಸುತ್ತಿದ್ದರು.

ಈಚೆಗೆ ಬಂಗಾರಪೇಟೆಯ ಛತ್ರವೊಂದರಲ್ಲಿ ಬೀಗರೂಟ. ಪಂಕ್ತಿಯಲ್ಲಿ ತಾತ ಕರ್ಚೀಫು ಬಿಚ್ಚಿದರು. ನಲ್ಲಿ ಮೂಳೆಗೆ ಫೋರ್ಕು ಊರಿದ ಕೂಡಲೇ ಅದು ಚಿಮ್ಮಿ ಬೀಗರ ಎಲೆಗೆ ಬಿತ್ತು. ಬೀಗರು ಪಾಲಿಗೆ ಬಂದದ್ದು ಎಂದು ಬಾಯಿಗಿಟ್ಟು, ಸದ್ದು ಬರುವ ಹಾಗೆ ಹೀರಿದರು. ತಾತ ನೊಂದುಕೊಂಡು ಎಲೆಯ ಮೇಲೆ ಆಯುಧಗಳನ್ನು ಜೋಡಿಯಾಗಿ ಮಲಗಿಸಿದರು. ಬಡಿಸಲು ಬಂದ ಹುಡುಗ ನಿಂತು ನೋಡಿದ.

"ತಾತಾ, ಇದು ಸಾಕು ಅಂತಲಾ, ಬೇಕು ಅಂತಲಾ?"

ಆಯುಷ್ಯದಲ್ಲಿ ಮೊದಲ ಸಲ ಒಬ್ಬ ಕೇಳಿದ್ದ! ತಾತ ಅರಳಿಹೋದರು. ಓರೆ ಇಟ್ಟರೇನು, ಜೋಡಿ ಇಟ್ಟರೇನು, ಹಲ್ಲು ಮೇಲಾದರೇನು, ಕೆಳಗಾದರೇನು ಎಂದು ದೊಡ್ಡಪ್ಪನ ಕಾಲದಿಂದ ಶುರುಮಾಡಿದರು. ಹುಡುಗ ಬಕೆಟ್ ಹಿಡಿದು ಬಾಯಿ ಬಿಟ್ಟು ಕೇಳುತ್ತಿದ್ದ. ಪಂಕ್ತಿಯ ಆ ತುದಿಯಿಂದ "ಸಾರು, ಸಾರು" ಎಂಬ ಕೂಗು. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಬ್ಬ ಹುಡುಗ, ಜೋಡಿ ಮಲಗಿದ್ದ ಫೋರ್ಕು ನೈಫಿನ ಮೇಲೆಯೇ ಹೊಗೆಯಾಡುವ ಮುದ್ದೆಯೊಂದನ್ನು ಕೂರಿಸಿ ಮುಂದಿನ ಎಲೆಗೆ ಹೋದ.