ಕೇಬಲ್ ಭಾವ

ಕೇಬಲ್ ಭಾವ ಯಾರ ಮನೆಗೂ ಬರಿಗೈಯಲ್ಲಿ ಹೋದವರಲ್ಲ. ಯಾವುದೋ ಮದುವೆಯಲ್ಲಿ ತೆಂಗಿನಕಾಯಿ ಸಮೇತ ಸಿಕ್ಕ ತಾಂಬೂಲದ ಚೀಲ ಜೊತೆಗಿರುತ್ತದೆ. ಅದರ ಮೇಲಿನ ವಧೂವರರ ಹೆಸರು ಮಾಸಿದೆ; ಒಳಗಿನ ಕೇಬಲುಗಳು ಮಾತ್ರ ಒಂದಕ್ಕೊಂದು ಸುತ್ತಿಕೊಂಡು ಸಂಸಾರ ಬೆಳೆಸುತ್ತಿವೆ. ನೀಲಿ ತಲೆಯ, 15 ಪಿನ್ನಿನ ವಿಜಿಎ ಕೇಬಲೂ ಇದೆ. ಅದನ್ನು ಚುಚ್ಚಲು ತೂತಿರುವ ಲ್ಯಾಪ್‌ಟಾಪ್ ಬಳಗದಲ್ಲಿ ಒಂದೂ ಉಳಿದಿಲ್ಲ. "ಇರ್ಲಿ, ಬೇಕಾಗತ್ತೆ."

ಭಾವನ ಉದ್ಯೋಗ ಬ್ಯಾಂಕಿನಲ್ಲಿ. 2020ರಲ್ಲಿ ಎಲ್ಲರ ಆಫೀಸೂ ಊಟದ ಮೇಜಿಗೆ ಬಂದು ಕೂತಾಗ ಬಳಗದವರ ಕಂಪ್ಯೂಟರಿಗೆ ಕೇಬಲ್ ಚುಚ್ಚಿಕೊಡುವ ಈ ಉಪವೃತ್ತಿ ಗಂಟುಬಿತ್ತು. "ನಮ್ಮವರಿಗೆ ಹಬ್ಬ ಬೇಡ, ಹಬ್ ಸಾಕು" ಎಂದು ಅಕ್ಕ ಆಗಲೇ ಕೈಚೆಲ್ಲಿದರು.

ಈ ಶನಿವಾರ ಅಕ್ಕನ ತಂಗಿಯ ಫೋನು. "ಭಾವ, ಹೊಸ ಮಾನಿಟರ್‌ನಲ್ಲಿ ಏನೂ ಬರ್ತಿಲ್ಲ."

"ನೀನೇನು ಮಾಡಿದೆ?"

"ಏನೂ ಮಾಡಿಲ್ಲ ಭಾವ!"

ಹೋಗಿ ನೋಡಿದರೆ ಮೇಜಿನ ಮೇಲೆ ಒಂದು ತೂತನ್ನು ಹಲವಾಗಿಸುವ ಹೊಸ ಹಬ್ಬು; ಮಾನಿಟರಿಗೇ ಟೈಪ್-ಸಿ ತೂತಿದೆ. "ಹಬ್ಬಿಗೆ ಯಾಕಮ್ಮ ದುಡ್ಡು ಸುರಿದೆ?" ಎನ್ನುತ್ತ ಭಾವ ಚೀಲದಿಂದ ಬಿಳಿ ಕೇಬಲೊಂದನ್ನು ಎಳೆದು ನೇರ ಚುಚ್ಚಿದರು. ಲ್ಯಾಪ್‌ಟಾಪ್ ಚಾರ್ಜಾಗತೊಡಗಿತು. ಪರದೆ ಕಪ್ಪಗೇ ಇತ್ತು.

"ಚಾರ್ಜ್ ಆಗ್ತಿದೆ ಅಂದ್ಮೇಲೆ ಕೇಬಲ್ ಸರಿ ಇದೆ. ಮಾನಿಟರೇ ಕೆಟ್ಟಿರೋದು."

ಈ ತರ್ಕಕ್ಕೆ ಬಲಿಯಾದ ಮಾನಿಟರುಗಳೆಷ್ಟೋ. 2014ರಲ್ಲಿ ಟೈಪ್-ಸಿ ಬಂದಾಗ ಎಲ್ಲಕ್ಕೂ ಒಂದೇ ಬಾಯಿ ಎಂದು ಜನ ಹಿಗ್ಗಿದರು. ಬಾಯಿ ಒಂದೇ ಆಯಿತು, ಹೊಟ್ಟೆ ಬೇರೆಬೇರೆ ಉಳಿಯಿತು. ಆ ಪುಟ್ಟ ಬಾಯಿಯಲ್ಲಿ 24 ಸಂಪರ್ಕಗಳಿಗೆ ಜಾಗವಿದೆ. ಫೋನಿನ ಜೊತೆ ಬರುವ ಸಾಧಾರಣ ಕೇಬಲಿನೊಳಗೆ ಕರೆಂಟಿಗೆ ಮತ್ತು ನಿಧಾನಗತಿಯ ಯುಎಸ್‌ಬಿ 2.0ಕ್ಕೆ ಬೇಕಾದ ತಂತಿಗಳಷ್ಟೇ ಇರುತ್ತವೆ. ಚಿತ್ರ ಹೊರುವ ತಂತಿಯೇ ಇಲ್ಲದ ಮೇಲೆ ಎಷ್ಟು ಅಲ್ಲಾಡಿಸಿದರೇನು! ಭಾವ ಅಲ್ಲಾಡಿಸಿದರು. ಊದಿದರು. ತಿರುಗಿಸಿ ಚುಚ್ಚಿದರು, ಯಾವ ಕಡೆಯಿಂದ ಚುಚ್ಚಿದರೂ ನಡೆಯುವುದೇ ಟೈಪ್-ಸಿಯ ಹೆಗ್ಗಳಿಕೆಯಾದರೂ.

ಕೊನೆಗೆ ಹಬ್ಬೇ ಗತಿಯಾಯಿತು. ಎಚ್‌ಡಿಎಂಐ ಚುಚ್ಚಿದೊಡನೆ ಚಿತ್ರ ಮೂಡಿತು. ಆದರೆ ಮೌಸಿನ ಬಾಣ ಬೆಲ್ಲದ ಪಾಕಕ್ಕೆ ಬಿದ್ದ ಇರುವೆಯಂತೆ ತೆವಳುತ್ತಿತ್ತು. ಭಾವನ ಕಣ್ಣು ಮಿನುಗಿತು. "30 ಹರ್ಟ್ಸ್!" ಸೆಟ್ಟಿಂಗ್ಸ್ ತೆಗೆದರೆ ಹೌದು, 30. "ನೋಡು, ಸಿ ಪೋರ್ಟಲ್ಲಿ ನಾಲ್ಕು ವೇಗದ ಲೇನ್ ಇರತ್ತೆ. ಇಂಥ ಹಬ್ಬು ಎರಡನ್ನ ಪೆನ್‌ಡ್ರೈವಿಗೆ ಅಂತ ಎತ್ತಿಟ್ಕೊಳ್ಳತ್ತೆ. ರಿಂಗ್ ರೋಡಲ್ಲಿ ಎರಡು ಲೇನ್ ಅಗೆದು ಬಿಟ್ಟಿರ್ತಾರಲ್ಲ, ಹಾಗೆ. ಉಳಿದ ಎರಡರಲ್ಲಿ ಈ ಹಬ್ಬಿನ ವೇಗಕ್ಕೆ 4ಕೆ ಚಿತ್ರ ಸೆಕೆಂಡಿಗೆ 60 ಸಲ ಹೋಗೋಕ್ಕಾಗಲ್ಲ." ಇಲ್ಲಿ ಭಾವ ಹೇಳಿದ್ದು ಸರಿ, ಒಂದು ಕಾಫಿ ಸಲ್ಲಲೇಬೇಕು. ರೆಸಲ್ಯೂಷನ್ನನ್ನು 2560×1440ಕ್ಕೆ ಇಳಿಸಿದರು. 60 ಬಂತು, ಅಕ್ಷರ ಚೂರು ಮಸುಕಾಯಿತು.

ಕಾಫಿಯ ಹುಮ್ಮಸ್ಸಿನಲ್ಲಿ ಹಬ್ಬಿನ ಎರಡನೆಯ ಎಚ್‌ಡಿಎಂಐಗೆ ಹಳೆಯ ಮಾನಿಟರನ್ನೂ ಸಿಕ್ಕಿಸಿದರು. ಎರಡರಲ್ಲೂ ಒಂದೇ ಚಿತ್ರ. ಒಂದು ಗಂಟೆ ಹೋಯಿತು. ಆಕೆಯದು 2020ರ ಎಂ1 ಮ್ಯಾಕ್‌ಬುಕ್ ಏರ್. ಅದು ಹೊರಗಿನ ಒಂದೇ ಪರದೆಯನ್ನು ಸಾಕುತ್ತದೆ, ತೂತುಗಳೆಷ್ಟಿದ್ದರೂ ಅಷ್ಟೇ. ಭಾವನ ತೀರ್ಪು ಬೇರೆ: "ಲೂಸ್ ಕನೆಕ್ಷನ್."

ಅಷ್ಟರಲ್ಲಿ ಆಕೆಯ ಗಂಡ ಅಟ್ಟದಿಂದ ಮಾನಿಟರಿನ ಡಬ್ಬ ಇಳಿಸಿದ. ಥರ್ಮೊಕೋಲಿನ ಅಡಿ, ಪ್ಲಾಸ್ಟಿಕ್ ಕೂಡ ಬಿಚ್ಚದೆ, ದಪ್ಪನೆಯ ಕಪ್ಪು ಸಿ ಕೇಬಲ್ ಮಲಗಿತ್ತು. ನೇರ ಚುಚ್ಚಿದರೆ ಪೂರ್ತಿ 4ಕೆ, 60 ಹರ್ಟ್ಸ್, ಜೊತೆಗೆ ಚಾರ್ಜು.

"ನಾನು ಬಂದ ತಕ್ಷಣ ನೇರ ಚುಚ್ಚು ಅಂದಿದ್ದೆ ತಾನೇ?" ಎಂದರು ಭಾವ. ಯಾರೂ ಅಲ್ಲಗಳೆಯಲಿಲ್ಲ. ಅವರು ಬಿಳಿ ಕೇಬಲನ್ನು ಒಪ್ಪವಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ತಾಂಬೂಲದ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ, ಕೈಗೆ ಮೊದಲು ಸಿಗುವ ಹಾಗೆ ಇಟ್ಟುಕೊಂಡರು. ಭಾನುವಾರ ಇನ್ನೊಬ್ಬ ಷಡ್ಡಕರ ಮನೆಯಲ್ಲಿ ಹೊಸ ಮಾನಿಟರಂತೆ.