ತಲೆಕೆಳಗಾದ ಬೆಟ್ಟ

ಕರ್ನಾಟಕದ ಅತಿ ಎತ್ತರದ ಶಿಖರ ಯಾವುದೆಂದು ಕೇಳಿದರೆ ಪ್ರೈಮರಿ ಶಾಲೆಯ ಹುಡುಗನೂ ಮುಳ್ಳಯ್ಯನಗಿರಿ ಎಂದು ಹೇಳಿ ಒಂದು ಅಂಕ ಗಿಟ್ಟಿಸುತ್ತಾನೆ. ಅಂಕದ ಬಗ್ಗೆ ನನಗೇನೂ ತಕರಾರಿಲ್ಲ. ಇರುವುದು ಹತ್ತುವವರ ಹೆಮ್ಮೆಯ ಬಗ್ಗೆ. ಮುಳ್ಳಯ್ಯನಗಿರಿ ಸಮುದ್ರಮಟ್ಟಕ್ಕಿಂತ 1,930 ಮೀಟರ್ ಮೇಲಿದೆ, ಸರಿ. ಆದರೆ ಯಾರೂ ಸಮುದ್ರದ ದಡದಿಂದ ನಡೆದು ಹೊರಡುವುದಿಲ್ಲವಲ್ಲ! ಚಿಕ್ಕಮಗಳೂರೇ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಉಳಿದದ್ದರಲ್ಲಿ ಬಹುಪಾಲನ್ನು ಜೀಪು ಏರುತ್ತದೆ, ಕಾಲಿನ ಪಾಲಿಗೆ ಬರುವುದು ಕೆಲವು ನೂರು ಮೆಟ್ಟಿಲು. ಕುಕ್ಕೆಯಿಂದ ಕುಮಾರಪರ್ವತ ಹತ್ತುವವರ ಮಾತು ಬೇರೆ. 1,712 ಮೀಟರಿನ ಆ ಶಿಖರಕ್ಕೆ ಘಟ್ಟದ ಬುಡದಿಂದಲೇ ಕಾಲೆಳೆಯಬೇಕು, ಹೋಗಿಬಂದ ಮೇಲೆ ಒಂದು ವಾರ ಮಾತಾಡುವುದು ಮೊಣಕಾಲೇ. ಆದರೂ ಒಂದೇ ದಿನದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಏರಿ, ಮಾರನೆಯ ದಿನ ಮತ್ತೆ ಹೊರಟವರು ನಮ್ಮ ರಾಜ್ಯದಲ್ಲೇ ಇದ್ದರು. ಅವರು ಕೆಜಿಎಫ್‌ನವರು, ಅಂದರೆ ಕೋಲಾರ ಚಿನ್ನದ ಗಣಿಯವರು.

ಲೆಕ್ಕ ಸುಲಭ. ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. ಊರಿರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಕ್ಕಿಂತ ಎಷ್ಟು ಮೇಲಿದೆಯೋ, ಅದಕ್ಕಿಂತ ಹೆಚ್ಚು ಕೆಳಗೆ ಈ ಗಣಿಯ ತಳವಿದೆ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವವರು 2,860 ಮೀಟರಿನ ಲುಕ್ಲಾದಿಂದ 5,364 ಮೀಟರಿಗೆ ಏರಲು ನಡುನಡುವೆ ವಿಶ್ರಮಿಸುತ್ತ ವಾರಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ. ತಳದ ಲೆವೆಲ್‌ಗಳಲ್ಲಿ ದುಡಿದವನು ಅದಕ್ಕೂ ಮಿಗಿಲಾದ ಎತ್ತರವನ್ನು ಶಿಫ್ಟು ಮುಗಿದೊಡನೆ ಏರಿ ಮನೆಗೆ ಊಟಕ್ಕೆ ಹೋಗುತ್ತಿದ್ದ. ಬ್ರಿಟಿಷರಿಗೂ ಇದರ ಸುಳಿವು ಸಿಕ್ಕಿತ್ತೋ ಏನೋ, ಇಲ್ಲಿಯ ಒಂದು ಗಣಿಗೆ ನಂದಿದುರ್ಗವೆಂದು ಬೆಟ್ಟದ ಹೆಸರನ್ನೇ ಇಟ್ಟರು.

‘ಅವರು ಹತ್ತಲಿಲ್ಲ ಸ್ವಾಮಿ, ಗಣಿಯ ಲಿಫ್ಟಾದ ಕೇಜ್‌ನಲ್ಲಿ ನಿಂತು ಬಂದರು’ ಎಂದು ಚಾರಣಿಗರು ಥಟ್ಟನೆ ಆಕ್ಷೇಪಿಸುತ್ತಾರೆ. ಜೀಪಿನಲ್ಲಿ ಮುಳ್ಳಯ್ಯನಗಿರಿ ಹತ್ತಿದವರು ಇದನ್ನು ಎತ್ತದಿರುವುದು ಕ್ಷೇಮ. ಅಷ್ಟಕ್ಕೂ ತಳಕ್ಕೆ ಒಂದೇ ಓಟದ ಕೇಜ್ ಇರಲಿಲ್ಲ; ಒಂದು ಷಾಫ್ಟಿನಲ್ಲಿ ಇಳಿದು, ನಡೆದು, ಇನ್ನೊಂದನ್ನು ಹಿಡಿಯಬೇಕಿತ್ತು. ಬೆಟ್ಟದಲ್ಲಿ ಕಿಲೋಮೀಟರ್ ಏರಿದರೆ ಆರೇಳು ಡಿಗ್ರಿ ತಂಪಾಗುತ್ತದೆ, ಸ್ವೆಟರು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಬಹುದು. ಚಾಂಪಿಯನ್ ರೀಫ್‌ನ ತಳದಲ್ಲಿ ಬಂಡೆಯ ಬಿಸಿಯೇ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಯಂತ್ರದಿಂದ ತಣಿಸಿದ ಗಾಳಿಯನ್ನು ಕೆಳಕ್ಕೆ ನೂಕದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ‘ನೋಟವೇ ಇಲ್ಲವಲ್ಲ’ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ 1965ರಲ್ಲೇ ಸಿಕ್ಕಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನ ವಿಜ್ಞಾನಿಗಳ ಜೊತೆ ಸೇರಿ, ಕೆಜಿಎಫ್‌ನಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣ ಹೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳೆಂಬ ಸೂಕ್ಷ್ಮ ಕಣಗಳನ್ನು ಗುರುತಿಸಿದರು. ಜಗತ್ತಿನಲ್ಲೇ ಮೊದಲು ವರದಿ ಮಾಡಿದವರ ಸಾಲಿನಲ್ಲಿ ಅವರಿದ್ದಾರೆ. ಬೆಟ್ಟದ ತುದಿಯ ವ್ಯೂ ಪಾಯಿಂಟಿನಿಂದ ಸಾಮಾನ್ಯವಾಗಿ ಕಾಣುವುದು ಮಂಜು ಮತ್ತು ಇತರ ಪ್ರವಾಸಿಗರು.

ಮೂರನೆಯ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಚಾರಣಿಗ ಸುಸ್ತಾಗಲು ತಾನೇ ದುಡ್ಡು ಕೊಡುತ್ತಾನೆ, ಗಣಿಯವನು ದುಡ್ಡಿಗಾಗಿ ಸುಸ್ತಾದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಒಪ್ಪಿದೆ. ಮಳೆ ಬಂದರೆ ಚಾರಣಿಗ ಅರ್ಧದಲ್ಲೇ ಹಿಂತಿರುಗಬಹುದು. ತಲೆಯ ಮೇಲಿನ ಬಂಡೆ ಯಾವಾಗ ಸಿಡಿದೀತೆಂಬ ಭಯದಲ್ಲಿ ಕೊರೆಯುವವನಿಗೆ ಆ ಸೌಲಭ್ಯವಿರಲಿಲ್ಲ, ಧೂಳು ತುಂಬಿದ ಶ್ವಾಸಕೋಶಕ್ಕೆ ಚಾರಣಿಗರಿಗೆ ಸಿಗುವಂಥ ಪ್ರಮಾಣಪತ್ರವನ್ನೂ ಯಾರೂ ಕೊಡಲಿಲ್ಲ. ಕೊನೆಗೆ ಇಬ್ಬರೂ ಬರಿಗೈಯಲ್ಲೇ ಮನೆಗೆ ಮರಳುತ್ತಾರೆ ಎಂಬುದೊಂದೇ ಸಾಮ್ಯ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು, ಅದನ್ನು ತಂದವನನ್ನು ಗೇಟಿನಲ್ಲಿ ತಡವಿ ನೋಡಿ ಹೊರಗೆ ಬಿಟ್ಟರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಳದಲ್ಲಿ ನೀರು ತುಂಬಿತು. ಒಳಗಿನಿಂದ ತೆಗೆದ ಕಲ್ಲಿನ ಪುಡಿ ಮಾತ್ರ ಸೈನೈಡ್ ದಿಬ್ಬಗಳಾಗಿ ಹೊರಗೆ ನಿಂತಿದೆ. ಸಿನಿಮಾದವರು ಅಲ್ಲಿ ಹೊಡೆದಾಟ ತೆಗೆಯುತ್ತಾರೆ, ಬೇಸಿಗೆಯ ಗಾಳಿ ಆ ಪುಡಿಯನ್ನು ಮನೆಮನೆಗೂ ಹಂಚುತ್ತದೆ. ಗಣಿಯವರ ಮಕ್ಕಳು ಈಗ ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಳಗಿನ ಜಾವದ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರಿಗೆ ಜಾಗ ಮಾಡಿಕೊಟ್ಟು, ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಬೆಂಗಳೂರು ಕೆಜಿಎಫ್‌ಗಿಂತ ಹೆಚ್ಚುಕಡಿಮೆ ಎಪ್ಪತ್ತು ಮೀಟರ್ ಎತ್ತರ, ಅಷ್ಟೇ. ಕುಮಾರಪರ್ವತಕ್ಕೆ ತಾಲೀಮು ಮಾಡಬೇಕೆಂದಿರುವ ಬೆಂಗಳೂರಿನ ಮಿತ್ರರಲ್ಲಿ ಒಂದು ವಿನಂತಿ: ಜಿಮ್ಮಿಗೆ ದುಡ್ಡು ಸುರಿಯುವ ಮೊದಲು ಒಂದು ವಾರ ಸಂಜೆಯ ಮಾರಿಕುಪ್ಪಂ ರೈಲಿನಲ್ಲಿ ಹೋಗಿಬನ್ನಿ. ಬಂಗಾರಪೇಟೆಯವರೆಗೂ ಸೀಟು ಸಿಗುವುದಿಲ್ಲ.